ಪರಂಪರಾಗತ ಬಂದೂಕುಗಳ ಸಂರಕ್ಷಣೆ: ಹಿರಣ್ಯಕೇಶಿ–ಘಟಪ್ರಭಾ ಸೀಮೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪ್ರಸ್ತಾವನೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಮಹಾನವಮಿಯಂದು ನಡೆಯುವ ಆಯುಧಪೂಜೆಗೆ ಖಂಡೇನವಮಿ ಎಂಬ ಹೆಸರಿದೆ. ಖಂಡೆ ಎಂದರೆ ಖಡ್ಗ. ಇಂದು ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದ ಬಹುತೇಕ ಮನೆಗಳಲ್ಲಿ ಆ ದಿನ ಪೂಜೆಗೊಳ್ಳುವುದು ನೇಗಿಲು, ಕುಡುಗೋಲು, ತಕ್ಕಡಿ, ಟ್ರ್ಯಾಕ್ಟರ್ ಮತ್ತು ಯಂತ್ರಗಳು. ಹಬ್ಬದ ಹೆಸರಿನಲ್ಲಿ ಆಯುಧ ಉಳಿದಿದ್ದರೂ ಪೂಜೆಯ ಮಣೆಯ ಮೇಲೆ ಆಯುಧ ಅಪರೂಪವಾಗಿದೆ. ಈ ಸ್ಥಿತ್ಯಂತರವು ತಾನಾಗಿ ಸಂಭವಿಸಿದುದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನಡೆದ ನಿಶ್ಶಸ್ತ್ರೀಕರಣದ ಒಂದು ದೀರ್ಘ ಇತಿಹಾಸ ಅದರ ಹಿಂದಿದೆ.

ಆ ಇತಿಹಾಸವನ್ನು ದಾಟಿ ಕೆಲವು ಮನೆತನಗಳಲ್ಲಿ ಪರವಾನಗಿಯೊಂದಿಗೆ ಉಳಿದುಬಂದ ಹಳೆಯ ಬಂದೂಕುಗಳನ್ನು ಯಾವ ದೃಷ್ಟಿಯಿಂದ ನೋಡಬೇಕು, ಹೇಗೆ ಕಾಪಾಡಬೇಕು ಎಂಬುದು ಪ್ರಸ್ತುತ ಪ್ರಬಂಧದ ವಿಷಯ. ವಿಶೇಷವಾಗಿ ಲಿವರ್ ರೈಫಲ್ ಎಂಬ ಅಮೆರಿಕ ಮೂಲದ ಬಂದೂಕಿನ ಮಾದರಿಯನ್ನು ಇಲ್ಲಿ ಉದಾಹರಣೆಯಾಗಿ ಎತ್ತಿಕೊಳ್ಳಲಾಗಿದೆ. ಶಾಸನ, ಕಡತ ಮತ್ತು ಬಖೈರುಗಳಂತೆ ಬಂದೂಕೂ ಒಂದು ದಾಖಲೆ. ಅದರ ಲೋಹದ ಮೇಲಿನ ಅಂಕಿ, ಮುದ್ರೆ ಹಾಗೂ ಸವೆತಗಳೇ ಅದರ ಅಕ್ಷರಗಳು. ಆದುದರಿಂದ ಬಂದೂಕನ್ನು ಹೊಳೆಯುವಂತೆ ಮಾಡುವುದಕ್ಕೂ ಅದನ್ನು ಸಂರಕ್ಷಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ಈ ಬರಹದ ಮುಖ್ಯ ನಿಲುವು.

ಸೀಮೆಯ ಇತಿಹಾಸದಲ್ಲಿ ಬಂದೂಕು

ಬಂದೂಕಿಗೆ ಕನ್ನಡದಲ್ಲಿರುವ ಹೆಸರುಗಳೇ ಅದು ಬಂದ ದಾರಿಯನ್ನು ಸೂಚಿಸುತ್ತವೆ. ಬಂದೂಕು ಎಂಬುದು ಅರಬ್ಬಿ ಮೂಲದಿಂದಲೂ ತುಪಾಕಿ ಎಂಬುದು ತುರ್ಕಿ ಮೂಲದಿಂದಲೂ ಬಂದ ಪದಗಳು. ಕೊಡಗು ಮತ್ತು ಮಲೆನಾಡಿನ ಕಡೆ ಕೋವಿ ಎಂಬ ಪದ ಬಳಕೆಯಲ್ಲಿದೆ. ಆದಿಲಶಾಹಿ, ಮರಾಠ ಹಾಗೂ ಪೇಶ್ವೆಗಳ ಕಾಲದಲ್ಲಿ ಕೃಷ್ಣಾ ಕಣಿವೆಯ ದೇಸಾಯಿ, ನಾಡಗೌಡ ಮನೆತನಗಳಿಗೂ ಕೋಟೆಕಾವಲಿನವರಿಗೂ ಆಯುಧವು ಅಧಿಕಾರದ ಗುರುತಾಗಿದ್ದುದರ ಜೊತೆಗೆ ವೃತ್ತಿಯ ಸಾಧನವೂ ಆಗಿದ್ದಿತು.

ಸಂಕೇಶ್ವರವು ಹಿರಣ್ಯಕೇಶಿ ನದಿಯ ದಂಡೆಯಲ್ಲಿದೆ. ಸಮೀಪದಲ್ಲಿ ವಲ್ಲಭಗಡದ ಕೋಟೆಯಿದೆ. ನದಿಯ ಮೇಲ್ಭಾಗದ ಗಡಹಿಂಗ್ಲಜ ಸೀಮೆಯಲ್ಲಿ ಸಾಮಾನಗಡವಿದೆ. ಇದೇ ಸಾಮಾನಗಡದಲ್ಲಿ 1844ರಲ್ಲಿ ಕೊಲ್ಲಾಪುರ ಸಂಸ್ಥಾನದ ಗಡಕರಿಗಳು ದಂಗೆಯೆದ್ದರು. ಗಡಕರಿಗಳೆಂದರೆ ವಂಶಪಾರಂಪರ್ಯವಾಗಿ ಕೋಟೆಯನ್ನು ಕಾಯುತ್ತ ಅದಕ್ಕಾಗಿ ಜಮೀನನ್ನು ಅನುಭವಿಸುತ್ತಿದ್ದವರು. ಆಡಳಿತದ ಹೊಸ ವ್ಯವಸ್ಥೆಯಿಂದ ತಮ್ಮ ಹಕ್ಕಿಗೆ ಚ್ಯುತಿ ಬರುವುದೆಂಬ ಆತಂಕವೇ ದಂಗೆಯ ಮೂಲವಾಗಿತ್ತು. ದಂಗೆಯನ್ನು ಅಡಗಿಸಿದ ಬಳಿಕ ಸಂಸ್ಥಾನದ ಕೋಟೆಗಳ ರಕ್ಷಣಾವ್ಯವಸ್ಥೆಯನ್ನು ಕಳಚಿಹಾಕಲಾಯಿತು. ವಂಶಪಾರಂಪರ್ಯ ಕಾವಲಿನ ಪದ್ಧತಿ ರದ್ದಾಯಿತು. ಆಯುಧ ಹಿಡಿಯುವುದೇ ವೃತ್ತಿಯಾಗಿದ್ದ ಒಂದು ವರ್ಗ ಹೀಗೆ ತನ್ನ ನೆಲೆಯನ್ನು ಕಳೆದುಕೊಂಡಿತು.

ಹಿರಣ್ಯಕೇಶಿಯು ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಘಟಪ್ರಭೆಯು ಗೋಕಾಕವನ್ನು ದಾಟಿ ಪೂರ್ವಕ್ಕೆ ಹರಿದು ಮುಧೋಳ ಸೀಮೆಯನ್ನು ಸೇರುತ್ತದೆ. ಅಲ್ಲಿಯ ಹಲಗಲಿಯಲ್ಲಿ 1857ರಲ್ಲಿ ನಡೆದುದು ಕರ್ನಾಟಕದ ಇತಿಹಾಸದ ಪ್ರಸಿದ್ಧ ಘಟನೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರ್ಕಾರವು ಆಯುಧಗಳ ತಯಾರಿಕೆ, ಮಾರಾಟ ಹಾಗೂ ಹೊಂದುವಿಕೆಯನ್ನು ನಿಯಂತ್ರಿಸುವ ಶಾಸನವನ್ನು ಹೊರಡಿಸಿತು. ಮುಧೋಳ ಸಂಸ್ಥಾನದಲ್ಲಿ ಅದನ್ನು ಜಾರಿಗೆ ತರಹೊರಟಾಗ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದುದರಿಂದ ಅದು ವಿದ್ವಾಂಸರ ಗಮನಕ್ಕೆ ಬಂದಿತು.

ಬೇಡರಿಗೆ ಆಯುಧವು ಬೇಟೆ, ಕಾವಲು ಮತ್ತು ಮಾನ ಈ ಮೂರಕ್ಕೂ ಸಂಬಂಧಿಸಿದ ವಸ್ತುವಾಗಿದ್ದಿತು. ಆದುದರಿಂದಲೇ ಆಯುಧವನ್ನು ಕೊಡುವುದೆಂದರೆ ಬದುಕನ್ನೇ ಕೊಟ್ಟಂತೆ ಎಂದು ಅವರು ಭಾವಿಸಿದರು. ಮರುವರ್ಷ, 1858ರ ಮೇ ತಿಂಗಳಲ್ಲಿ, ನರಗುಂದದ ಭಾಸ್ಕರರಾವ್ ಬಾಬಾಸಾಹೇಬರ ಬಂಡಾಯದ ಹಿನ್ನೆಲೆಯಲ್ಲಿಯೂ ದತ್ತಕದ ಹಕ್ಕಿನ ನಿರಾಕರಣೆಯೊಂದಿಗೆ ಆಯುಧಗಳನ್ನು ಒಪ್ಪಿಸುವ ಪ್ರಶ್ನೆ ಸೇರಿಕೊಂಡಿತ್ತು.

1878ರ ಆಯುಧ ಕಾಯಿದೆಯು ಈ ತಾತ್ಕಾಲಿಕ ಕ್ರಮಗಳಿಗೆ ಶಾಶ್ವತ ರೂಪವನ್ನು ಕೊಟ್ಟಿತು. ಪರವಾನಗಿಯಿಲ್ಲದೆ ಬಂದೂಕು ಹೊಂದುವುದು ಅಪರಾಧವಾಯಿತು. ಯುರೋಪಿಯನ್ನರಿಗೆ ಅದರಿಂದ ವಿನಾಯಿತಿ ದೊರೆತುದರಿಂದ ಕಾಯಿದೆಯು ವರ್ಣಭೇದದ ಪ್ರತೀಕವೆನಿಸಿ, ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಆರಂಭದ ವರ್ಷಗಳಲ್ಲಿಯೇ ಟೀಕೆಗೆ ಗುರಿಯಾಯಿತು. ನಮ್ಮ ಸೀಮೆಯ ಮಟ್ಟಿಗೆ ಇದರ ಪರಿಣಾಮ ಸ್ಪಷ್ಟ. ಅನಂತರ ಒಂದು ಮನೆಯಲ್ಲಿ ಕ್ರಮಬದ್ಧವಾಗಿ ಬಂದೂಕು ಉಳಿದಿದ್ದರೆ, ಸಾಮಾನ್ಯವಾಗಿ ಅದರ ಹಿಂದೆ ಒಂದು ಅರ್ಜಿ, ಒಂದು ಶಿಫಾರಸು, ಒಂದು ಪರವಾನಗಿ ಪುಸ್ತಕ ಇರಲೇಬೇಕು. ಯಾರಿಗೆ ಬಂದೂಕು ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದರಲ್ಲಿ ಆ ಕಾಲದ ಅಧಿಕಾರ ಸಂಬಂಧಗಳ ಚಿತ್ರವಿದೆ.

ಕೊಡಗಿನ ನಿದರ್ಶನ

ಈ ಚಿತ್ರಕ್ಕೆ ವ್ಯತಿರಿಕ್ತವಾಗಿ ಕರ್ನಾಟಕದಲ್ಲಿಯೇ ಇರುವ ನಿದರ್ಶನ ಕೊಡಗಿನದು. 1857ರ ತರುವಾಯ ದೇಶದ ಇತರೆಡೆ ಆಯುಧಗಳನ್ನು ಕಸಿದುಕೊಳ್ಳುತ್ತಿದ್ದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರು 1861ರಲ್ಲಿ ಕೊಡವರನ್ನು ಆ ಕಾನೂನಿನಿಂದ ಹೊರಗಿರಿಸಿದರು. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆಯ ಅಡಿಯಲ್ಲಿಯೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಇದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಿರಸ್ಕರಿಸಿತು.

ಇದರಿಂದಾಗಿ ಕೊಡಗಿನಲ್ಲಿ ಕೋವಿಯು ಆಚರಣೆಯ ಜೀವಂತ ಭಾಗವಾಗಿ ಉಳಿದಿದೆ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ, ತೋಕ್ ಪೂ ಎಂದು ಕರೆಯಲಾಗುವ ಗೌರಿಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗಳು ನಡೆಯುತ್ತವೆ. ಜನನ ಮರಣಗಳನ್ನು ಗುಂಡಿನ ಸದ್ದಿನಿಂದ ಸಾರುವ ಪದ್ಧತಿಯಿತ್ತು. ಬಳಕೆಯಲ್ಲಿರುವ ಆಯುಧಕ್ಕೆ ವರ್ಷಕ್ಕೊಮ್ಮೆಯಾದರೂ ತಿಳಿದವರ ಕೈ ತಾಗುತ್ತದೆ; ಎಣ್ಣೆ ಹಚ್ಚುವ, ನಳಿಗೆ ಶುಚಿಮಾಡುವ ಜ್ಞಾನ ತಂದೆಯಿಂದ ಮಗನಿಗೆ ಹರಿದುಬರುತ್ತದೆ. ಘಟಪ್ರಭಾ ಸೀಮೆಯಲ್ಲಿ ಕಡಿದುಹೋದುದು ಈ ಜ್ಞಾನದ ಎಳೆಯೇ. ಇಲ್ಲಿ ಬಂದೂಕು ಉಳಿದ ಮನೆಯಲ್ಲಿಯೂ ಅದರ ವಿದ್ಯೆ ಉಳಿದಿರುವುದು ವಿರಳ. ಸಂರಕ್ಷಣೆಯ ಕ್ರಮವನ್ನು ಬರೆದಿಡುವ ಅಗತ್ಯ ಉಂಟಾಗುವುದು ಇದರಿಂದಲೇ.

ಲಿವರ್ ರೈಫಲ್: ರಚನೆ ಮತ್ತು ಚರಿತ್ರೆ

ಹಳೆಯ ಕಾಲದ ಬಂದೂಕಿನಲ್ಲಿ ನಳಿಗೆಯ ಬಾಯಿಯಿಂದ ಮದ್ದು ಹಾಗೂ ಗುಂಡನ್ನು ಗಜದಿಂದ ತುಂಬಬೇಕಿತ್ತು. ಒಂದು ಈಡಿನಿಂದ ಇನ್ನೊಂದು ಈಡಿಗೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಲೋಹದ ತೋಟಾ ಬಂದ ಮೇಲೆ ಈ ಕಷ್ಟ ನಿವಾರಣೆಯಾಯಿತು. ಟ್ರಿಗರಿನ ಸುತ್ತಲಿನ ಬಳೆಯನ್ನೇ ಸನ್ನೆಗೋಲಿನಂತೆ ಉದ್ದಮಾಡಿ, ಅದನ್ನು ಕೆಳಕ್ಕೆ ಒತ್ತಿ ಮತ್ತೆ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ನಳಿಗೆಯೊಳಗೆ ಸೇರುವಂತೆ ಮಾಡಿದುದೇ ಲಿವರ್ ರೈಫಲ್ಲಿನ ವೈಶಿಷ್ಟ್ಯ. ಅಮೆರಿಕದ ಬಿ. ಟೈಲರ್ ಹೆನ್ರಿ 1860ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ವಿಂಚೆಸ್ಟರ್ ಕಂಪನಿಯು 1866, 1873, 1894 ಮತ್ತು 1895ರ ಮಾದರಿಗಳ ಮೂಲಕ ಇದನ್ನು ಜಗತ್ತಿನಾದ್ಯಂತ ಹರಡಿತು. ಕೊನೆಯ ಎರಡು ಮಾದರಿಗಳ ವಿನ್ಯಾಸಕ ಜಾನ್ ಬ್ರೌನಿಂಗ್. 1877ರಲ್ಲಿ ಪ್ಲೆವ್ನಾದಲ್ಲಿ ತುರ್ಕಿ ಸೈನಿಕರು 1866ರ ಮಾದರಿಯನ್ನು ರಷ್ಯನ್ನರ ವಿರುದ್ಧ ಬಳಸಿದರು. ಮೊದಲನೆಯ ಮಹಾಯುದ್ಧದಲ್ಲಿ ಅದೇ ರಷ್ಯಾ 1895ರ ಮಾದರಿಯನ್ನು ಸುಮಾರು 2.9 ಲಕ್ಷ ಸಂಖ್ಯೆಯಲ್ಲಿ ತರಿಸಿಕೊಂಡಿತು.

ಈ ಬಂದೂಕುಗಳಲ್ಲಿ ಬಹುತೇಕ ಮಾದರಿಗಳ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಕೂರುತ್ತವೆ. ಚೂಪು ತುದಿಯ ಗುಂಡಾದರೆ ಮುಂದಿನ ತೋಟಾದ ಸಿಡಿಮದ್ದಿಗೆ ತಾಗಿ ಕೊಳವೆಯೊಳಗೇ ಸಿಡಿಯುವ ಅಪಾಯವಿರುವುದರಿಂದ ಅವುಗಳಿಗೆ ಚಪ್ಪಟೆ ಅಥವಾ ಮೊಂಡು ತುದಿಯ ಗುಂಡನ್ನೇ ಬಳಸಲಾಗುತ್ತಿತ್ತು. 1895ರ ಮಾದರಿಯಲ್ಲಿ ಕೊಳವೆಯ ಬದಲಿಗೆ ಪೆಟ್ಟಿಗೆಯಂತಹ ಕೋಶವನ್ನು ಅಳವಡಿಸಿದುದರಿಂದ ಈ ಮಿತಿ ಇಲ್ಲವಾಯಿತು.

ಕರ್ನಾಟಕದಲ್ಲಿ ಈ ಬಗೆಯ ಬಂದೂಕಿನ ಬಳಕೆಗೆ ದೊರೆಯುವ ಅತ್ಯಂತ ಪರಿಚಿತ ಲಿಖಿತ ಆಧಾರ ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರದು. 1910ರಿಂದ 1974ರವರೆಗೆ ಬದುಕಿದ್ದ ಆಂಡರ್ಸನ್ ನರಭಕ್ಷಕ ಹುಲಿ, ಚಿರತೆಗಳ ಬೇಟೆಯಲ್ಲಿ ಬಳಸುತ್ತಿದ್ದುದು .405 ವಿಂಚೆಸ್ಟರ್, ಅಂದರೆ 1895ರ ಮಾದರಿಯ ಲಿವರ್ ರೈಫಲ್. ಅವರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದುದರಿಂದ ಆ ಬಂದೂಕು ಕನ್ನಡ ಓದುಗರ ಕಲ್ಪನೆಯಲ್ಲಿಯೂ ಸ್ಥಾನ ಪಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ಯುಗ ಮುಗಿಯಿತು. ಬೇಟೆಗಾಗಿ ಕೊಂಡ ರೈಫಲ್ ತನ್ನ ಪ್ರಯೋಜನವನ್ನು ಕಳೆದುಕೊಂಡು ಕೇವಲ ನೆನಪಿನ ವಸ್ತುವಾಯಿತು. ಅಂತಹ ವಸ್ತುವಿಗೆ ಒದಗುವ ಅಪಾಯ ಎರಡು: ಒಂದು ಅಲಕ್ಷ್ಯ, ಇನ್ನೊಂದು ಅತಿಯಾದ ಆರೈಕೆ.

ಸಂರಕ್ಷಣೆಯ ಕ್ರಮ

ಪರಂಪರೆಯಿಂದ ಬಂದ ಲಿವರ್ ರೈಫಲ್ಲನ್ನು ಕೈಗೆತ್ತಿಕೊಂಡಾಗ ಮೊದಲು ಮಾಡಬೇಕಾದುದು ಅದು ಖಾಲಿಯಾಗಿದೆಯೇ ಎಂಬುದರ ಪರೀಕ್ಷೆ. ನಳಿಗೆ ಖಾಲಿಯಾಗಿದ್ದರೂ ಕೆಳಗಿನ ಕೊಳವೆಯಲ್ಲಿ ತೋಟಾ ಸಿಲುಕಿಕೊಂಡಿರಬಹುದು. ಸನ್ನೆಯನ್ನು ಆಡಿಸಿದಾಗ ಅದು ನಳಿಗೆಯೊಳಗೆ ಸೇರಿಬಿಡಬಹುದು. ಈ ಪರೀಕ್ಷೆಯನ್ನು ಪರವಾನಗಿ ಹೊಂದಿದ ಬಂದೂಕು ದುರಸ್ತಿಗಾರನಿಂದಲೇ ಮಾಡಿಸುವುದು ಉಚಿತ. ಹಳೆಯ ಮಾದರಿಗಳ ಉಕ್ಕು ಕಪ್ಪುಮದ್ದಿನ ಮಿತವಾದ ಒತ್ತಡಕ್ಕೆ ತಕ್ಕುದಾಗಿರುವುದರಿಂದ, ಹೊಗೆರಹಿತ ಮದ್ದಿನ ಪ್ರಬಲ ತೋಟಾವನ್ನು ಅವುಗಳಲ್ಲಿ ಹಾರಿಸಿ ನೋಡುವ ಕುತೂಹಲ ಪ್ರಾಣಾಂತಿಕವಾಗಬಲ್ಲದು.

ಎರಡನೆಯದು ತುಕ್ಕಿನ ಕಾರಣವನ್ನು ಅರಿಯುವುದು. ಹಳೆಯ ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಬಳಿಕ ಉಪ್ಪಿನ ರೂಪದಲ್ಲಿ ನಳಿಗೆಯೊಳಗೆ ಉಳಿದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಈ ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಅದಕ್ಕಾಗಿಯೇ ಹಳಬರು ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಬಹುತೇಕ ಲಿವರ್ ರೈಫಲ್ಲುಗಳಲ್ಲಿ ಶುಚಿಮಾಡುವ ಗಜವನ್ನು ನಳಿಗೆಯ ಬಾಯಿಯಿಂದಲೇ ತೂರಿಸಬೇಕಾಗುವುದರಿಂದ, ಗಜವು ಬಾಯಂಚಿಗೆ ಉಜ್ಜಿ ಅದನ್ನು ಸವೆಸದಂತೆ ರಕ್ಷಣೆಯ ಬಿಲ್ಲೆಯನ್ನು ಬಳಸಬೇಕು.

ಮೂರನೆಯದು ಎಣ್ಣೆಯ ಆಯ್ಕೆ. ನಮ್ಮ ಭಾಗದಲ್ಲಿ ಕುಸುಬೆ ಎಣ್ಣೆ ಹಾಗೂ ಅಗಸೆ ಎಣ್ಣೆ ಮನೆಯಲ್ಲಿ ಸುಲಭವಾಗಿ ಸಿಗುವ ಪದಾರ್ಥಗಳು. ಆದರೆ ಇವು ಗಾಳಿಗೆ ಒಣಗಿ ಅಂಟಿನ ಪದರಾಗುವ ಎಣ್ಣೆಗಳು. ಅಕ್ರೋಟ ಮರದ ಹಿಡಿಗೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಬಹುದು. ಯಂತ್ರಭಾಗದೊಳಗೆ ಹೋದರೆ ಅದು ಗಟ್ಟಿಯಾಗಿ ಸನ್ನೆ ಹಾಗೂ ಕಮಾನುಗಳನ್ನು ಕಟ್ಟಿಹಾಕುತ್ತದೆ. ಲೋಹಕ್ಕೆ ಖನಿಜತೈಲವೇ ಯೋಗ್ಯ, ಅದೂ ಅರಿವೆಯಿಂದ ಒರೆಸಿ ಉಳಿಯುವಷ್ಟು ತೆಳುವಾಗಿ. ಪ್ರದರ್ಶನಕ್ಕಿಟ್ಟ ಆಯುಧಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸೂಕ್ಷ್ಮಕಣದ ಮೇಣವನ್ನು ಲೇಪಿಸುವ ಕ್ರಮವಿದೆ. ಬೆರಳಿನ ಬೆವರೂ ಉಪ್ಪೇ ಆದುದರಿಂದ ಹತ್ತಿಯ ಕೈಗವಸನ್ನು ಧರಿಸುವುದು ಒಳ್ಳೆಯದು. ಚರ್ಮದ ಚೀಲದಲ್ಲಿ ಬಂದೂಕನ್ನು ದೀರ್ಘಕಾಲ ಇಡಬಾರದು. ಚರ್ಮವು ಮಳೆಗಾಲದ ತೇವವನ್ನು ಹಿಡಿದಿಡುತ್ತದೆ, ಹದಮಾಡಲು ಬಳಸಿದ ಪದಾರ್ಥಗಳು ಲೋಹವನ್ನು ಕೆಡಿಸುತ್ತವೆ. ಘಟ್ಟದ ಅಂಚಿಗೆ ಹತ್ತಿರವಿರುವ ಸಂಕೇಶ್ವರದಂತಹ ಊರುಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮುದ್ರೆಗಳ ರಕ್ಷಣೆ. 1866ರ ಮಾದರಿಯ ಯಂತ್ರಕೋಶ ಹಿತ್ತಾಳೆಯ ಬಣ್ಣದ ಮಿಶ್ರಲೋಹದ್ದು. ಹಿತ್ತಾಳೆ ಕಂಡಲ್ಲಿ ಹುಣಸೆಹುಳಿ ಹಾಗೂ ಇಟ್ಟಿಗೆಪುಡಿಯಿಂದ ತಿಕ್ಕುವುದು ನಮ್ಮ ಮನೆವಾರ್ತೆಯ ರೂಢಿ. ಸಮೆ, ತಂಬಿಗೆಗಳಿಗೆ ಅದು ಸರಿ. ಆದರೆ ಆಯುಧಕ್ಕೆ ಆ ಉಪಚಾರ ನಡೆದರೆ ಶತಮಾನದ ಕಂದುಬಣ್ಣದೊಡನೆ ತಯಾರಕನ ಹೆಸರು, ಪರೀಕ್ಷಾಮುದ್ರೆ, ಕ್ರಮಸಂಖ್ಯೆಗಳೂ ವರ್ಷವರ್ಷಕ್ಕೆ ಮಾಸುತ್ತವೆ. ಖಂಡೇನವಮಿಯಂದು ಹಚ್ಚುವ ಅರಿಷಿಣ, ಕುಂಕುಮ, ಚಿಮುಕಿಸುವ ನೀರು ಇವು ಉಕ್ಕಿನ ಮೇಲೆ ಹಾಗೆಯೇ ಉಳಿದರೆ ತುಕ್ಕಿಗೆ ಆಸ್ಪದವಾಗುತ್ತದೆ. ಪೂಜೆಯನ್ನು ಬಿಡಬೇಕೆಂದಲ್ಲ, ಗಂಧ ಕುಂಕುಮಗಳನ್ನು ಮರದ ಮಣೆಗೋ ಹೊದಿಸಿದ ವಸ್ತ್ರಕ್ಕೋ ಏರಿಸಿ, ಆಯುಧಕ್ಕೆ ಹೂವನ್ನಷ್ಟೇ ಇಡಬಹುದು. ಹೊಸದಾಗಿ ಬಣ್ಣ ಕಟ್ಟಿಸುವುದು, ಸವೆದ ಹಿಡಿಯನ್ನು ಉಜ್ಜಿ ಹೊಸತು ಮಾಡಿಸುವುದು ಸಂರಕ್ಷಣೆಯಲ್ಲ. ಹಿಡಿಯ ಸವೆತವು ಅದನ್ನು ಹಿಡಿದವರ ಕೈಯ ಗುರುತು.

ಕ್ರಮಸಂಖ್ಯೆಯ ಮಹತ್ವಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ನಗರದ ವಸ್ತುಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ಅನೇಕ ಮಾದರಿಗಳ ವಿಷಯದಲ್ಲಿ ಕ್ರಮಸಂಖ್ಯೆಯೊಂದರಿಂದಲೇ ಬಂದೂಕು ಕಾರ್ಖಾನೆಯಿಂದ ಹೊರಟ ದಿನ ಹಾಗೂ ಅದರ ಮೂಲ ಸ್ವರೂಪವನ್ನು ಅಲ್ಲಿ ತಿಳಿಯಬಹುದು. 1873ರ ಮಾದರಿಯಲ್ಲಿ ಆ ಸಂಖ್ಯೆ ಹಿಡಿಗೆ ಸೇರುವ ಕೆಳಪಟ್ಟಿಯ ಮೇಲೆ, 1894ರ ಮಾದರಿಯಲ್ಲಿ ಯಂತ್ರಕೋಶದ ತಳಭಾಗದಲ್ಲಿ ಇರುತ್ತದೆ. ತಿಕ್ಕಿ ತೊಳೆದು ಅದನ್ನು ಅಳಿಸಿದರೆ ಈ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಅಷ್ಟೇ ಅಲ್ಲ, ಪರವಾನಗಿಯಲ್ಲಿ ನಮೂದಾದ ಸಂಖ್ಯೆ ಆಯುಧದ ಮೇಲೆ ಕಾಣದಿದ್ದರೆ ಮಾಲೀಕನಿಗೆ ಕಾನೂನಿನ ತೊಡಕೂ ಉಂಟಾಗುತ್ತದೆ.

ವಾರಸುದಾರಿಕೆ ಮತ್ತು ಕಾನೂನು

1959ರ ಕಾಯಿದೆಯು 1962ರ ಅಕ್ಟೋಬರಿನಿಂದ ಜಾರಿಗೆ ಬಂದಿತು. ಅದರ ಪ್ರಕಾರ ಪರವಾನಗಿಯು ವ್ಯಕ್ತಿಗೆ ಸಂಬಂಧಿಸಿದುದೇ ಹೊರತು ಮನೆತನಕ್ಕಲ್ಲ. ಪರವಾನಗಿದಾರನು ತೀರಿಕೊಂಡರೆ ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಆಯುಧವನ್ನು ಪೊಲೀಸ್ ಠಾಣೆಯಲ್ಲಿಯೋ ಪರವಾನಗಿ ಪಡೆದ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು ತಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು. 2016ರ ಆಯುಧ ನಿಯಮಗಳು ಪರವಾನಗಿದಾರನ ಜೀವಿತಕಾಲದಲ್ಲಿಯೂ, ಆತನಿಗೆ 70 ವರ್ಷ ತುಂಬಿದಾಗ ಅಥವಾ ಆಯುಧವನ್ನು 25 ವರ್ಷ ಹೊಂದಿದ್ದಾಗ, ವಾರಸುದಾರನಿಗೆ ಪರವಾನಗಿ ನೀಡಲು ಅವಕಾಶ ಕೊಟ್ಟಿವೆ. ಹಿರಿಯರು ಬದುಕಿರುವಾಗಲೇ ಈ ಕ್ರಮವನ್ನು ಅನುಸರಿಸುವುದು ಸಂರಕ್ಷಣೆಯ ದೃಷ್ಟಿಯಿಂದಲೂ ಲೇಸು. ಏಕೆಂದರೆ ಆಯುಧದೊಡನೆ ಅದರ ಕಥೆಯೂ ಆಗ ಹಸ್ತಾಂತರವಾಗುತ್ತದೆ.

2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರಂಪರೆಯಿಂದ ಬಂದ ಆಯುಧಕ್ಕೂ ಈ ಮಿತಿ ಅನ್ವಯಿಸುತ್ತದೆ. ಹೆಚ್ಚುವರಿ ಆಯುಧವಿದ್ದವರು ಅದನ್ನು ಒಂದು ವರ್ಷದೊಳಗೆ ಠೇವಣಿಯಿಡಬೇಕೆಂದು ಅದು ವಿಧಿಸಿತು. ಆಯ್ಕೆಯ ಪ್ರಸಂಗ ಬಂದಾಗ ಯಾವ ಮನೆಯವರಾದರೂ ಬಳಕೆಗೆ ಬರುವ, ತೋಟಾ ದೊರೆಯುವ ಬಂದೂಕನ್ನು ಉಳಿಸಿಕೊಂಡು, ನಿರುಪಯೋಗಿಯೆನಿಸಿದ ಹಳೆಯದನ್ನು ಬಿಟ್ಟುಕೊಡುವುದು ಸಹಜ. ಇತಿಹಾಸದ ದೃಷ್ಟಿಯಿಂದ ಅಮೂಲ್ಯವಾದುದು ಬಹುಮಟ್ಟಿಗೆ ಆ ಹಳೆಯದೇ. ಬಳಸಲು, ದುರಸ್ತಿ ಮಾಡಿದರೂ, ಯೋಗ್ಯವಲ್ಲದ ಪುರಾತನ ಆಯುಧಗಳಿಗೆ ಕಾಯಿದೆಯ 45ನೆಯ ಪ್ರಕರಣದಲ್ಲಿ ವಿನಾಯಿತಿಯಿದೆಯಾದರೂ ಅದನ್ನು ಮಾಲೀಕನು ತಾನೇ ನಿರ್ಧರಿಸುವುದು ವಿವೇಕವಲ್ಲ. ಪರವಾನಗಿ ಪ್ರಾಧಿಕಾರದ ಲಿಖಿತ ಅಭಿಪ್ರಾಯ ಪಡೆಯುವುದೇ ಸರಿಯಾದ ಮಾರ್ಗ.

ಹೀಗೆ ಬಿಟ್ಟುಕೊಡುವುದು ಅನಿವಾರ್ಯವಾದಾಗ ಮಾಡಬಹುದಾದ, ಮಾಡಲೇಬೇಕಾದ ಒಂದು ಕೆಲಸವಿದೆ. ಆಯುಧದ ಎಲ್ಲ ಮುದ್ರೆಗಳ ಛಾಯಾಚಿತ್ರ, ಅಳತೆ, ಕ್ರಮಸಂಖ್ಯೆ, ಹಳೆಯ ಪರವಾನಗಿ ಪುಸ್ತಕಗಳ ಪ್ರತಿ, ಮನೆಯ ಹಿರಿಯರ ಹೇಳಿಕೆ ಇವುಗಳನ್ನು ಒಟ್ಟುಗೂಡಿಸಿ ಬರೆದಿಡುವುದು. ಪರವಾನಗಿ ಪುಸ್ತಕವನ್ನು ರದ್ದಿಯೆಂದು ಎಸೆಯಬಾರದು. ಅದರಲ್ಲಿನ ಮೊಹರುಗಳು, ನವೀಕರಣದ ದಿನಾಂಕಗಳು, ತೋಟಾ ಖರೀದಿಯ ನಮೂದುಗಳು ಒಂದು ಮನೆತನ ಹಾಗೂ ಒಂದು ಆಡಳಿತದ ಸಂಬಂಧದ ಲೆಕ್ಕಪತ್ರಗಳು. ಆಯುಧವನ್ನು ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸುವ ಸಾಧ್ಯತೆಯನ್ನೂ ಅಧಿಕಾರಿಗಳೊಡನೆ ವಿಚಾರಿಸಬಹುದು. ಕಿತ್ತೂರಿನಲ್ಲಿ ಪುರಾತತ್ತ್ವ ಇಲಾಖೆಯ ಸಂಗ್ರಹಾಲಯವಿದೆ; ಕೊಲ್ಲಾಪುರದ ಹೊಸ ಅರಮನೆಯ ಸಂಗ್ರಹದಲ್ಲಿ ಆಯುಧಗಳಿಗೆ ಪ್ರಮುಖ ಸ್ಥಾನವಿದೆ. ಇವೆರಡರ ನಡುವಿನ ಸಂಕೇಶ್ವರ–ಗೋಕಾಕ ಸೀಮೆಯ ಮನೆಗಳಲ್ಲಿ ಚದುರಿರುವ ವಸ್ತುಗಳ ಸಮೀಕ್ಷೆಯು ವಿಶ್ವವಿದ್ಯಾಲಯಗಳು ಕೈಗೊಳ್ಳಬೇಕಾದ ಕಾರ್ಯವಾಗಿದೆ. ಅಂತಹ ಸಮೀಕ್ಷೆಯಲ್ಲಿ ಮನೆತನದ ಹೆಸರು, ಆಯುಧವಿರುವ ಸ್ಥಳ ಇವು ಬಹಿರಂಗವಾಗದಂತೆ ನೋಡಿಕೊಳ್ಳುವುದು ಸುರಕ್ಷತೆಯ ದೃಷ್ಟಿಯಿಂದ ಅವಶ್ಯ.

ಸಮಾರೋಪ

ಹಲಗಲಿಯ ಬೇಡರು ಕಳೆದುಕೊಂಡ ಆಯುಧಗಳು ಎಂತಹವು, ಎಲ್ಲಿ ತಯಾರಾದವು, ಯಾರ ಕೈಯಿಂದ ಬಂದವು ಎಂಬುದನ್ನು ತಿಳಿಯಲು ಇಂದು ಲಾವಣಿಯ ನುಡಿ ಮತ್ತು ಆಡಳಿತದ ವರದಿಗಳ ಮೊರೆಹೋಗಬೇಕಾಗಿದೆ. ವಸ್ತುವನ್ನು ಒಪ್ಪಿಸಿಕೊಂಡ ಆಳರಸರು ಅದರ ಕಥೆಯನ್ನು ಬರೆದುಕೊಳ್ಳಲಿಲ್ಲ. ಇಂದಿನ ಸಂದರ್ಭ ಬೇರೆ; ಪ್ರಜಾಸತ್ತೆಯ ಕಾನೂನಿಗೆ ತಲೆಬಾಗುವುದು ಎಲ್ಲರ ಕರ್ತವ್ಯ. ಆದರೆ ಆಯುಧವು ಮನೆಯಿಂದ ಹೋದರೂ ಅದರ ಚರಿತ್ರೆ ಹೋಗಬೇಕಾಗಿಲ್ಲ. ಒಟ್ಟಿನಲ್ಲಿ, ಪರಂಪರಾಗತ ಬಂದೂಕಿನ ಆರೈಕೆಯೆಂದರೆ ಎಣ್ಣೆ ಅರಿವೆಗಳ ಕೆಲಸ ಮಾತ್ರವಲ್ಲ. ಅಳಿಸದೆ ಓದುವ, ಓದಿ ಬರೆದಿಡುವ ಕೆಲಸವೂ ಹೌದು. ಬರುವ ಖಂಡೇನವಮಿಗೆ ಅಂತಹ ಮನೆಗಳಲ್ಲಿ ಹುಣಸೆಹಣ್ಣಿನ ಬದಲಿಗೆ ಒಂದು ಲೇಖನಿ, ಒಂದು ವಹಿ ಆಯುಧದ ಬದಿಗೆ ಬಂದು ಕುಳಿತರೆ ಸೀಮೆಯ ಇತಿಹಾಸಕ್ಕೆ ಅದಕ್ಕಿಂತ ಹೆಚ್ಚಿನ ಉಪಕಾರ ಇನ್ನೊಂದಿಲ್ಲ.